ದಸರಾ, ದೀಪಾವಳಿಗೆ ಹುಡುಗರ ಬಟ್ಟಿ: ಖಣದ ಜಾಕೀಟಿಗೆ ಅರಿವಿ ಎಷ್ಟು, ಧೋತರ ಯಾವದು?

ಗುಮ್ಮಟದೂರಾಕಿ (ವಿಜಯಪುರ):

ನಮಸ್ಕಾರ್ರೀ ಎಲ್ಲಾರಿಗೂ. ಎರಡು ಹುಡುಗರಿಗೆ ಹಬ್ಬಕ್ಕ ನಮ್ಮ ಕಡೀ ಪದ್ಧತಿ ಬಟ್ಟಿ ಮಾಡಿಸಬೇಕಾಗ್ಯಾವ. ಸಣ್ಣಾಂವಗ 4 ವರ್ಷ, ಎದಿ ಸುತ್ತಳತಿ 22 ಇಂಚು. ದೊಡ್ಡಾಂವಗ 9, ಎದಿ 26 ಇಂಚು. ಬನ್ನಿ ಕೊಡೋ ದಿನ ಬಿಳೀ ನೆಹರು ಶರ್ಟು, ಪೈಜಾಮ, ಮ್ಯಾಲ ಗುಳೇದಗುಡ್ಡ ಖಣದ ಜಾಕೀಟು. ಲಕ್ಷ್ಮೀ ಪೂಜಾಕ್ಕ ಧೋತರ. ಇಷ್ಟು ತಲ್ಯಾಗದ.

ಖಣ ಎಷ್ಟು ತರಬೇಕ್ರಿ? ಒಂದು ಅಂಗಡ್ಯಾಗ ಇಬ್ಬರಿಗೂ ಸೇರಿ ಒಂದೂವರಿ ಮೀಟರು ಸಾಕು ಅಂತಾರ, ಇನ್ನೊಂದರಾಗ ಮೂರು ಅಂತಾರ. ಮುಂದಿನ ವರ್ಷಾನೂ ಹಾಕೋಹಂಗ ಹೊಲಿಸಬೇಕು, ಆದ್ರ ಈಗ ಜೋತಾಡಬಾರದು. ರೆಡಿಮೇಡ ಸೆಟ್ಟು ನೋಡಿದ್ರ ಎಲ್ಲಾ ಮಿಂಚೋ ಪಾಲಿಸ್ಟರ್. ಧೋತರ ಇಲಾಸ್ಟಿಕ್ ಹಾಕಿ ಹೊಲಿದದ್ದು ತರೋದೋ, ಉಡಿಸೋದೋ? ತಿಳಿದಾವ್ರು ಹೇಳ್ರಿ.

ಕತ್ತರಿ_ಟೇಪು (ಬಾಗಲಕೋಟಿ):

ಅಕ್ಕಾರ, ಖಣದ ಲೆಕ್ಕ ತಪ್ಪೋದು ಪನ್ನಾದಾಗ, ಅಂದ್ರ ಅರಿವಿ ಅಗಲದಾಗ. ಶರ್ಟಿನ ಅರಿವಿ ಪನ್ನಾ 44 ಇಂಚು ಇರತೈತಿ, ಮುಂದಿನ ಪಾಲು ಹಿಂದಿನ ಪಾಲು ಒಂದರ ಬಾಜೂಕ ಒಂದು ಕುಂದರ್ತಾವ. ಖಣದ ಪನ್ನಾ ಸುಮಾರು 31 ಇಂಚು. ಅದು ಹುಟ್ಟಿದ್ದೇ ಕುಪ್ಪಸದ ಸಲುವಾಗಿ, ಹುಡುಗರ ಜಾಕೀಟಿನ ಸಲುವಾಗಿ ಅಲ್ಲ. ಹಂಗಾಗಿ ಮುಂದಿಂದು ಒಂದು ಉದ್ದ, ಹಿಂದಿಂದು ಇನ್ನೊಂದು ಉದ್ದ ಹಿಡೀಬೇಕು.

ಸಣ್ಣಾಂವನ ಜಾಕೀಟಿನ ಉದ್ದ 16 ಇಂಚು, ಮಡಚಾಕ 2 ಸೇರಿಸಿ 18. ಎರಡು ಉದ್ದ ಅಂದ್ರ 36 ಇಂಚು, 1 ಮೀಟರು ತಗೋರಿ. ದೊಡ್ಡಾಂವಂದು 21ಕ್ಕ 2 ಸೇರಿ 23, ಎರಡು ಉದ್ದ 46 ಇಂಚು, 1.3 ಮೀಟರು. ಒಟ್ಟು 2.3 ಮೀಟರು ಆತು. ಒಂದೂವರಿ ಅಂದಾವ್ರು ಪನ್ನಾ 44 ಅಂತ ಲೆಕ್ಕ ಹಾಕ್ಯಾರ, ಮೂರು ಅಂದಾವ್ರು ಅಂಗಡಿ ಲೆಕ್ಕ ಹಾಕ್ಯಾರ. ದೊಡ್ಡಾಂವನ ಎರಡು ಮುಂದಿನ ಪಾಲು ಸೇರಿ 19 ಇಂಚು ಹಿಡೀತಾವ, ಬಾಜೂಕ ಉಳಿಯೋ 12 ಇಂಚಿನ್ಯಾಗ ಕೊರಳಪಟ್ಟಿ, ಕಿಸೆದ ಬಾಯಿಪಟ್ಟಿ ಬರ್ತಾವ. ಅದರ ಸಲುವಾಗಿ ಬ್ಯಾರೆ ಅರಿವಿ ಕೇಳಿದ್ರ ಕೊಡಬ್ಯಾಡ್ರಿ.

ಅಸ್ತರ 44 ಪನ್ನಾದ ಹತ್ತಿ ಮಲ್, ಇಬ್ಬರಿಗೂ ಸೇರಿ 1.25 ಮೀಟರು. ಅಸ್ತರ ಬ್ಯಾಡ ಅನ್ನೋ ಮಾತು ಖಣಕ್ಕ ನಡ್ಯಾಂಗಿಲ್ಲ. ಹಿಂದಿನ ಬದಿ ನೂಲು ಬಿಡಿ ಇರ್ತಾವ, ಒಳಗಿನ ಶರ್ಟಿನ ಗುಂಡಿಗೆ ಸಿಕ್ಕು ಎಳೀತಾವ. ಕತ್ತರಿಸಿದ ಅಂಚಿನಾಗೂ ಖಣ ಭಾಳ ನೂಲು ಬಿಡ್ತೈತಿ. ಕಾಲು ಇಂಚು ಹೊಲಿಗಿ ಮಾರ್ಜಿನ್ ಇಟ್ಟರ ಎರಡು ಸಲ ಹಾಕೋದ್ರಾಗ ಬಗಲಾಗ ಬಾಯಿ ಬಿಡ್ತೈತಿ. ಬಗಲು, ಹೆಗಲು ಮುಕ್ಕಾಲು ಇಂಚು ಇಡಾಕ ಹೇಳ್ರಿ, ಕತ್ತರಿಸಿದ ಕೂಡಲೇ ಓವರ್‌ಲಾಕ್ ಹೊಡೀಬೇಕು. ಮುಂದಿನ ಪಾಲಿಗೆ ತೆಳುವಾದ ಪೇಸ್ಟಿಂಗ್ (ಇಸ್ತ್ರಿಯಿಂದ ಅಂಟಿಸೋ ಒಳ ಅರಿವಿ) ಹಾಕಿಸ್ರಿ. ದಪ್ಪ ಕ್ಯಾನ್ವಾಸ್ ದೊಡ್ಡವರ ಕೋಟಿಗೆ; ಹುಡುಗರಿಗೆ ಹಾಕಿದ್ರ ಕುಂತಾಗ ಜಾಕೀಟು ರಟ್ಟಿನಂಗ ಗದ್ದಕ್ಕ ಬರ್ತೈತಿ.

ಇನ್ನ ಬಿಳೀ ಅರಿವಿ. ಸಣ್ಣಾಂವನ ಶರ್ಟು ಉದ್ದ 22, ತೋಳು 13: 1.25 ಮೀಟರು. ಪೈಜಾಮಕ್ಕ 0.85. ದೊಡ್ಡಾಂವನ ಶರ್ಟು 31, ತೋಳು 18: 1.6 ಮೀಟರು. ಪೈಜಾಮಕ್ಕ 1.1. ಎಲ್ಲಾ ಸೇರಿ 4.8 ಮೀಟರು. ಇದರಾಗ ನೀರಾಗ ಕುಗ್ಗೋದು ಸೇರೈತಿ. ತಂದ ಕೂಡಲೇ ಒಂದು ರಾತ್ರಿ ನೆನಿ ಇಟ್ಟು, ಹಿಂಡದ ನೆರಳಿಗೆ ಹರವಿ, ಇಸ್ತ್ರಿ ಹೊಡದು ಆಮ್ಯಾಲ ಸಿಂಪಿಗರಿಗೆ ಕೊಡ್ರಿ. ಹತ್ತಿ ಅರಿವಿ ಮೀಟರಿಗೆ 3ರಿಂದ 5 ಸೆಂಟಿಮೀಟರು ಕುಗ್ಗತೈತಿ. ಹೊಲಿದ ಮ್ಯಾಲ ಕುಗ್ಗಿದ್ರ ಮೊದಲು ತೋಳು ಗಿಡ್ಡ ಆಗ್ತಾವ, ಆಮ್ಯಾಲ ಕೊರಳು ಬಿಗೀತೈತಿ.

ಮುಂದಿನ ವರ್ಷಕ್ಕೂ ಬರಬೇಕು ಅಂದ್ರಿ. ಎಲ್ಲಾ ಕಡೆ ದೊಡ್ಡದು ಹೊಲಿಸಬ್ಯಾಡ್ರಿ. ಈ ವಯಸ್ಸಿನಾಗ ಹುಡುಗರು ವರ್ಷಕ್ಕ 5–6 ಸೆಂಟಿಮೀಟರು ಎತ್ತರ ಆಗ್ತಾರ, ಅಗಲ ಅಷ್ಟು ಆಗಾಂಗಿಲ್ಲ. ಹೆಗಲು ಈಗಿನ ಅಳತಿಗೆ ಅರ್ಧ ಇಂಚು ಮಾತ್ರ ಹೆಚ್ಚು. ಹೆಗಲು ಜಾರಿದ್ರ ಇಡೀ ಶರ್ಟು ಹಿಂದಕ್ಕ ಸರಿದು ಕೊರಳಪಟ್ಟಿ ಗಂಟಲಕ್ಕ ಒತ್ತತೈತಿ, ಹುಡುಗ ದಿನಾ ಪೂರ್ತಿ ಎಳಕೋತಾನ. ಬೆಳಿಯೋ ಲೆಕ್ಕ ಕೆಳಗಿನ ಮಡಕಿಯೊಳಗ 2 ಇಂಚು, ತೋಳಿನ ತುದಿಗೆ ಒಳಗ 1.5 ಇಂಚು, ಎರಡೂ ಬಾಜೂಕ 1 ಇಂಚು ಇರಲಿ. ಎದಿ ಮಾತ್ರ ಮೈ ಅಳತಿಗೆ ಸಣ್ಣಾಂವಗ 4, ದೊಡ್ಡಾಂವಗ 5 ಇಂಚು ಸಡಿಲ. ಜಾಕೀಟು ಶರ್ಟಿನ ಮ್ಯಾಲ ಕುಂದ್ರೂದು, ಅದರ ಅಳತಿ ಶರ್ಟು ಹಾಕಿಸೇ ತಗೋಬೇಕು.

ಎಲ್ಲಾರೂ ಮರಿಯೋದು ತಲಿ ಅಳತಿ. 4 ವರ್ಷದ ಹುಡುಗನ ತಲಿ ಸುತ್ತಳತಿ ಸುಮಾರು 50 ಸೆಂಟಿಮೀಟರು, ಅಂದ್ರ 20 ಇಂಚಿಗೆ ಸ್ವಲ್ಪ ಕಮ್ಮಿ. ಮಕ್ಕಳ ತಲಿ ಮೈಗಿಂತ ಮೊದಲೇ ಬೆಳದಿರತೈತಿ. ಕೊರಳು 10.5 ಇಂಚು, ಮುಂದಿನ ಗುಂಡಿಪಟ್ಟಿ ಸೀಳು 5.5 ಇಂಚು ಇಟ್ಟರ ಬಾಯಿ 10.5 ಮತ್ತ ಎರಡು ಸಲ 5.5, ಒಟ್ಟು 21.5 ಇಂಚು ತೆರೀತೈತಿ. ತಲಿ ಸಲೀಸು ಹೋಗತೈತಿ. ಚಂದ ಕಾಣ್ಲಿ ಅಂತ ಸೀಳು 4 ಇಂಚಿಗೆ ನಿಲ್ಲಿಸಿದ್ರ 18.5 ಆತು, ಕಿವಿ ಹಿಡದು ಹಾಕಬೇಕಾಗತೈತಿ. ದೊಡ್ಡಾಂವಗ ಕೊರಳು 12, ಸೀಳು 6.

ಮಗ್ಗದ_ಸಪ್ಪಳ (ಗುಳೇದಗುಡ್ಡ):

ಅಳತಿ ವಿಷಯ ಮ್ಯಾಲಿನ ಅಣ್ಣಾರು ಹೇಳಿದಂಗೇ ಸರಿ. ಖಣ ಆರಿಸೋ ಬಗ್ಗೆ ಎರಡು ಮಾತು.

ಮಡಚಿಟ್ಟ ಬಿಡಿ ಖಣ ನಾಲ್ಕು ತಂದು ಜೋಡಿಸೋ ವಿಚಾರ ಬಿಡ್ರಿ. ಒಂದೇ ಬಣ್ಣ ಅಂತ ಕಂಡ್ರೂ ಬಣ್ಣದ ಪಾಕ ಬ್ಯಾರೆ ಇರತೈತಿ, ಅಂಗಡಿ ದೀಪದಾಗ ತಿಳ್ಯಾಂಗಿಲ್ಲ, ಬಿಸಿಲಿಗೆ ಬಂದಾಗ ಮುಂದಿನ ಎಡಪಾಲು ಬಲಪಾಲು ಎರಡು ಬಣ್ಣ ಕಾಣ್ತಾವ. ತಾಗಾದಿಂದ (ಸುತ್ತಿಟ್ಟ ಇಡೀ ಅರಿವಿಯಿಂದ) ಒಂದೇ ತುಂಡು 2.3 ಮೀಟರು ಹರಿಸಿಕೊಳ್ರಿ.

ಹುಡುಗರ ಜಾಕೀಟಿಗೆ ಬುಟ್ಟಾ ಸಣ್ಣದಿರಲಿ. ಸೂಜಿ ಮಲ್ಲಿಗಿ, ರುದ್ರಾಕ್ಷಿ ಚಲೋ ಕುಂದರ್ತಾವ. ತೇರು, ಆನಿ ಹೆಜ್ಜಿ ಅಂಥ ದೊಡ್ಡ ಬುಟ್ಟಾ ದೊಡ್ಡಾಂವಗ ನಡೀತಾವ, ಸಣ್ಣಾಂವನ 8 ಇಂಚಿನ ಮುಂದಿನ ಪಾಲಿನಾಗ ಅರ್ಧ ತೇರು ಅಷ್ಟೇ ಉಳೀತೈತಿ. ತೇರಿಗೆ ಮ್ಯಾಲ ಕೆಳಗ ಅಂತ ಐತಿ ನೋಡ್ರಿ. ಅರಿವಿ ಉಳಿಸಾಕ ಒಂದು ಪಾಲು ತಿರುವಿ ಹಾಕಿದ್ರ ಒಂದು ಬದಿ ತೇರು ನೆಟ್ಟಗ, ಇನ್ನೊಂದು ಬದಿ ಕಳಸ ಕೆಳಗಾಗಿ ನಿಲ್ಲತೈತಿ. ಸೀಮೆಸುಣ್ಣದಿಂದ ಗುರ್ತು ಹಾಕಿ ಕೊಡ್ರಿ: ಮ್ಯಾಲ ಯಾವದು ಅಂತ.

ಮಗ್ಗದ್ದೋ, ನಕಲೋ ಅನ್ನೋದಕ್ಕ ಅಂಚಿನ ಎರಡು ನೂಲು ಎಳದು ಸುಟ್ಟು ನೋಡ್ರಿ. ರೇಷ್ಮಿ ಆದ್ರ ಕೂದಲ ಸುಟ್ಟ ವಾಸನಿ, ಬೂದಿ ಬೆರಳಾಗ ಪುಡಿ ಆಗತೈತಿ. ಹತ್ತಿ ಆದ್ರ ಕಾಗದ ಸುಟ್ಟಂಗ. ಪಾಲಿಸ್ಟರ್ ಆದ್ರ ಕರಗಿ ಗಟ್ಟಿ ಮಣಿ ಆಗತೈತಿ. ಹಾಸು ಒಂದು, ಹೊಕ್ಕು ಒಂದು ಇರೋದರಿಂದ ಉದ್ದದ ನೂಲು ಅಡ್ಡದ ನೂಲು ಬ್ಯಾರೆ ಬ್ಯಾರೆ ಸುಡಬೇಕು. ಒಂದನ್ನ ಸುಟ್ಟು ಹತ್ತಿ ಅಂತ ತೀರ್ಮಾನ ಮಾಡಿದ್ರ ಮೋಸ.

ಬಣ್ಣ ಬಿಡೋ ಪರೀಕ್ಷಾ: ಬಿಳೀ ಹಸಿ ವಸ್ತ್ರ ತಗೊಂಡು ಖಣದ ಮೂಲಿಗೆ ಹತ್ತು ಸಲ ತಿಕ್ಕಿರಿ. ಬಣ್ಣ ಹತ್ತಿದ್ರ ಬಿಳೀ ಶರ್ಟಿನ ಬಗಲಿಗೂ ಹತ್ತತೈತಿ ಅಂತ ತಿಳ್ಕೋರಿ, ವಿಜಯಪುರದ ಅಕ್ಟೋಬರ್ ಬಿಸಲಾಗ ಬೆವರಲಾರದ ಹುಡುಗ ಇಲ್ಲ. ಉಪ್ಪು ಹಾಕಿ ನೆನಿ ಇಟ್ಟರ ಬಣ್ಣ ನಿಲ್ಲತೈತಿ ಅನ್ನೋದು ಬರೇ ಮಾತು, ಬಣ್ಣ ಹಿಡಿಯೋದು ಬಣ್ಣ ಹಾಕೋ ಹೊತ್ತಿನಾಗ. ಬಿಡೋ ಬಣ್ಣ ಆದ್ರ ಬ್ಯಾರೆ ತಾಗಾ ನೋಡ್ರಿ.

ಶಹಾಪುರ_ಪ್ಯಾಟಿ (ಬೆಳಗಾವಿ):

ಎರಡು ಕಡೆ ಬೇರೆ ಅಭಿಪ್ರಾಯ ಇದೆ. ಅಸ್ತರಕ್ಕೆ ಹತ್ತಿ ಮಲ್ ಎಂದಿದ್ದಾರೆ. ಬೆವರಿಗೆ ಅದೇ ಉತ್ತಮ, ಒಪ್ಪುತ್ತೇನೆ. ಆದರೆ ಹತ್ತಿ ಶರ್ಟಿನ ಮೇಲೆ ಹತ್ತಿ ಅಸ್ತರ ಒಂದಕ್ಕೊಂದು ಹಿಡಿಯುತ್ತದೆ. ಜಾಕೀಟು ಹಾಕುವಾಗ ಶರ್ಟು ಮುದುಡಿ ಬಗಲಲ್ಲಿ ಗಂಟಾಗುತ್ತದೆ. ಬೆನ್ನಿಗೆ ಮಲ್ ಇರಲಿ, ಎರಡೂ ಮುಂದಿನ ಪಾಲಿಗೆ ಮತ್ತು ಬಗಲ ಸುತ್ತ ಎರಡು ಇಂಚಿಗೆ ನುಣುಪಾದ ಅಸ್ತರ ಹಾಕಿಸಿ. ಬೆವರು ಹೆಚ್ಚು ಬರುವುದು ಬೆನ್ನಿಗೆ.

ಬಿಳಿ ಬಟ್ಟೆಗೆ ಖಾದಿಯನ್ನು ಯಾರೂ ಹೇಳಲಿಲ್ಲವಲ್ಲ! ಬೆಳಗಾವಿ ಹತ್ತಿರದ ಹುದಲಿ ಗಾಂಧೀಜಿ 1937ರಲ್ಲಿ ಬಂದು ತಂಗಿದ್ದ ಊರು, ಇವತ್ತಿಗೂ ಖಾದಿಗೆ ಹೆಸರು. ನಿಮ್ಮ ಬದಿಗೆ ಬಾಗಲಕೋಟೆಯ ತುಳಸಿಗೇರಿ ಇದೆ, ರಾಷ್ಟ್ರಧ್ವಜದ ಖಾದಿ ನೇಯುವ ಊರು. ಅಕ್ಟೋಬರ್ 2ರ ಸುಮಾರಿಗೆ ಖಾದಿ ಭಂಡಾರಗಳಲ್ಲಿ ರಿಯಾಯಿತಿ ಇರುತ್ತದೆ. ದಸರೆ ಅದರ ಆಚೀಚೆ ಬಿದ್ದರೆ ಹೊಲಿಗೆಗೆ ಸಮಯ ಸಾಲದು, ಆ ವರ್ಷ ರಿಯಾಯಿತಿಗೆ ಕಾಯಬೇಡಿ. ಖಾದಿ ಆರಿಸುವಾಗ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ. ನೂಲಿನ ಗಂಟು ಇರುವುದು ಕೈನೂಲಿನ ಸ್ವಭಾವ, ದೋಷವಲ್ಲ; ಆದರೆ ಕೊರಳಪಟ್ಟಿಯ ಜಾಗಕ್ಕೆ ಗಂಟು ಬಂದರೆ ಮಗುವಿನ ಕತ್ತು ಕೆಂಪಾಗುತ್ತದೆ. ಕೊರಳಪಟ್ಟಿ ಒಳಬದಿಗೆ ಹಳೆಯ ಮೆತ್ತನೆ ಧೋತರದ ತುಂಡು ಹಾಕಿಸಿದರೆ ಆಯಿತು.

ರೆಡಿಮೇಡ್ ಪೂರಾ ಕೆಟ್ಟದ್ದೆಂದು ಬಿಡಬೇಕಿಲ್ಲ. ಗಣಪತಿ ಗಲ್ಲಿ, ಖಡೇಬಜಾರದಲ್ಲಿ ಹತ್ತಿಯದೂ ಸಿಗುತ್ತದೆ, ಕೇಳಿದರೆ ಒಳಗಿನಿಂದ ತೆಗೆದು ಕೊಡುತ್ತಾರೆ. ಮುಂದೆ ತೂಗುಹಾಕುವುದು ಮಿಂಚುವುದನ್ನೇ. ಚೀಟಿಯ ಮೇಲಿನ ನಂಬರು, ವಯಸ್ಸು ನಂಬಬೇಡಿ, ಕಂಪನಿಗೊಂದು ಲೆಕ್ಕ. ಅಂಗಡಿಯಲ್ಲೇ ಹುಡುಗನಿಗೆ ಹಾಕಿಸಿ ಮೂರು ಕೆಲಸ ಮಾಡಿಸಿ. ಎರಡೂ ಕೈ ಮೇಲೆತ್ತಲಿ: ಹೊಟ್ಟೆ ಕಂಡರೆ ಬಗಲು ಕೆಳಗೆ ಬಿದ್ದಿದೆ ಎಂದು ಅರ್ಥ. ಚಕ್ಕಳಮಕ್ಕಳ ಹಾಕಿ ಕೂರಲಿ: ಪೈಜಾಮದ ಆಸನ ಬಿಗಿಯಾದರೆ ಊಟದ ಪಂಕ್ತಿಯಲ್ಲಿ ಹರಿಯುತ್ತದೆ. ಬಗ್ಗಿ ನಮಸ್ಕಾರ ಮಾಡಲಿ: ಬೆನ್ನು ಎಳೆದರೆ ಒಂದು ಅಳತೆ ಮೇಲಿನದು ಬೇಕು. ಆಮೇಲೆ ಒಳಗು ಹೊರಗು ಮಾಡಿ ಜರಿ, ಟಿಕಳಿ ಹಚ್ಚಿದ ಜಾಗ ನಿಮ್ಮ ಮುಂಗೈಗೆ ತಿಕ್ಕಿ ನೋಡಿ. ಚುಚ್ಚಿದರೆ ಮಗು ಅರ್ಧ ತಾಸೂ ಇಟ್ಟುಕೊಳ್ಳುವುದಿಲ್ಲ. ಜಾಕೀಟು ಶರ್ಟಿಗೇ ಹೊಲಿದು ಬರುವ ಸೆಟ್ಟುಗಳಿವೆ, ಸೆಖೆಯಾದರೂ ಬಿಚ್ಚಲಾಗದು. ಅವು ಬೇಡವೇ ಬೇಡ.

ಪಾಲಿಸ್ಟರ್ ಬೇಡ ಎನ್ನಲು ಬೆವರೊಂದೇ ಕಾರಣವಲ್ಲ. ದೀಪಾವಳಿಗೆ ಕಿಡಿ ಬಿದ್ದರೆ ಅದು ಕರಗಿ ಚರ್ಮಕ್ಕೆ ಅಂಟುತ್ತದೆ. ಹತ್ತಿ ಕರಗುವುದಿಲ್ಲ, ಆದರೆ ಸಡಿಲ ಹತ್ತಿಗೂ ಬೆಂಕಿ ಬೇಗ ಹಿಡಿಯುತ್ತದೆ. ಪೂಜೆಯ ಬಟ್ಟೆ ಪೂಜೆಗೆ. ಪಟಾಕಿಗೆ ಮೈಗೆ ಹತ್ತಿದ ಹತ್ತಿಯ ಅಂಗಿ, ಚಡ್ಡಿ ಅಲ್ಲ ಉದ್ದನೆಯ ಪ್ಯಾಂಟು, ಹೆಗಲ ಮೇಲೆ ಶಲ್ಯ ಇರಕೂಡದು.

ಗುಮ್ಮಟದೂರಾಕಿ (ವಿಜಯಪುರ):

ಇಷ್ಟು ಖರೇ ತಿಳಿಸಿ ಹೇಳಿದ್ರಿ, ಉಪಕಾರ ಆತು. ಎರಡು ಉಳದಾವ್ರಿ. ಧೋತರದ್ದು ಯಾರೂ ಹೇಳಲಿಲ್ಲ. ಮತ್ತ ಮನ್ಯಾಗ ಅಜ್ಜಿದೊಂದು ಹಳೇ ಇಳಕಲ್ಲ ಸೀರಿ ಅದ, ಕೆಂಪು ಸೆರಗಿಂದು. ಅದರಾಗ ಸಣ್ಣಾಂವಗ ಶರ್ಟು ಆಗಬಹುದಾ?

ಟೋಪ_ತೆನಿ (ಇಳಕಲ್ಲ):

ಆಗತೈತಿ ತಂಗೆವ್ವ, ಆದ್ರ ಮೊದಲು ಸೀರಿ ಬಿಸಿಲಿಗೆ ಹಿಡದು ನೋಡು. ಮಡಕಿ ಬಿದ್ದಲ್ಲೆಲ್ಲಾ ನೂಲು ತೆಳ್ಳಗ ಆಗಿದ್ರ ಆ ಗೆರಿ ಬಿಟ್ಟು ಕತ್ತರಿಸಬೇಕು. ಎರಡೂ ಕೈಯಾಗ ಹಿಡದು ಅಡ್ಡ ಮೆಲ್ಲಕ ಜಗ್ಗು, ಪರ್ ಅಂದ್ರ ಆ ಭಾಗ ಶರ್ಟಿಗೆ ಬ್ಯಾಡ.

ಇಳಕಲ್ಲ ಸೀರ್ಯಾಗ ಮೈ ಹಾಸು ಬ್ಯಾರೆ, ಸೆರಗಿನ ಹಾಸು ಬ್ಯಾರೆ. ಎರಡನ್ನೂ ಕೊಂಡಿ ಹಾಕಿ ಕೂಡಿಸಿ ನೇಯ್ದಿರ್ತಾರ. ಆ ಕೊಂಡಿ ಗೆರಿ ಮ್ಯಾಲ ಕತ್ತರಿ ಹಾಕಿದ್ರ ನೂಲು ಒಂದೊಂದಾಗಿ ಜಾರ್ತಾವ. ಗೆರಿ ಬಿಟ್ಟು ಎರಡು ಇಂಚು ಈಚೆಗೆ ಕತ್ತರಿಸಬೇಕು. ಶರ್ಟಿನ ಮೈಯೆಲ್ಲಾ ಸೀರಿ ಮೈಯಾಗ ತಗಿ, ಅಂಚು ಮುಂದಿನ ಗುಂಡಿಪಟ್ಟಿಗೆ, ತೋಳಿನ ತುದಿಗೆ ಬರಲಿ. ಚಿಕ್ಕಿ ಪರಾಸದ ಸಣ್ಣ ಅಂಚು ಇದ್ರ ಸಣ್ಣ ಹುಡುಗನ ಶರ್ಟಿಗೆ ಹೇಳಿ ಮಾಡಿಸಿದಂಗ. 4 ಇಂಚಿನ ದೊಡ್ಡ ಅಂಚು ಆದ್ರ ತೋಳಿಗೆ ಹಾಕಬ್ಯಾಡ, ಮಣಿಕಟ್ಟಿನಿಂದ ಮೊಳಕೈ ಮಟ ಅಂಚೇ ಆಗತೈತಿ.

ಕೆಂಪು ಸೆರಗು ಬಿಳೀ ಅರಿವಿ ಸಂಗಡ ಜೋಡಿಸೋದಿದ್ರ ಎಚ್ಚರ. ನಾನಾದ್ರ ಸೆರಗು ಕತ್ತರಿಸಾಕ ಬ್ಯಾಡ ಅಂತೀನಿ. ಟೋಪ ತೆನಿ (ಇಳಕಲ್ಲ ಸೀರಿ ಸೆರಗಿನ ನಕ್ಷಿ) ಸೆರಗು ಹಂಗೇ ಇಟ್ಟು ಇಬ್ಬರಿಗೂ ಶಲ್ಯ ಮಾಡು, ಎರಡೂ ತುದಿ ಮಡಚಿ ಹೊಲದ್ರ ಮುಗೀತು. ಚಮಕಾ ಸೀರಿ ಆದ್ರ ಇಸ್ತ್ರಿ ಕಡಿಮಿ ಕಾವಿನ್ಯಾಗ, ತಿರುವು ಬದಿ, ನಡುವ ತೆಳು ವಸ್ತ್ರ ಹಾಕಿ ಹೊಡಿ. ಅದು ರೇಯಾನ್ ನೂಲು, ಕಾವು ಹೆಚ್ಚಾದ್ರ ಹೊಳಪು ಸುಟ್ಟ ಕಲಿ ಆಗತೈತಿ.

ಕಸೂತಿ ಹಾಕಿಸೋ ಮನಸಿದ್ರ ಬಿಳೀ ಶರ್ಟಿನ ಗುಂಡಿಪಟ್ಟಿ ಎರಡೂ ಬದಿ ಗವಂತಿ ಹೊಲಿಗಿ ಸಾಲು ಸಾಕು. ಗವಂತಿ ಮುಂದ ಹಿಂದ ಒಂದೇ ರೀತಿ ಕಾಣತೈತಿ, ಗಂಟು ಇರಾಂಗಿಲ್ಲ, ಮೈಗೆ ಚುಚ್ಚಾಂಗಿಲ್ಲ. ಮೆಂತಿ ಹೊಲಿಗಿ (ಗುಣಾಕಾರ ಚಿಹ್ನೆಯಂಗ ಅಡ್ಡಡ್ಡ ಹಾಕೋದು) ತುಂಬಿಸಿದ್ರ ಅಲ್ಲಿ ದಪ್ಪ ಆಗಿ ಪಟ್ಟಿ ಸೆಟದು ನಿಲ್ಲತೈತಿ. ಎಣಿಸಿ ಹಾಕೋ ಹೊಲಿಗಿ ಆದ್ದರಿಂದ ನೂಲು ಕಾಣೋ ಅರಿವಿನೇ ಬೇಕು, ನುಣುಪು ಪಾಪ್ಲಿನ್‌ದಾಗ ಎಣಿಕಿ ಸಿಗೂದಿಲ್ಲ. ಹೊಲಿಸೋಕ್ಕಿಂತ ಮೊದಲೇ, ಅರಿವಿ ನೀರಿಗೆ ಹಾಕಿ ಒಣಗಿಸಿದ ಮ್ಯಾಲ ಕಸೂತಿಗೆ ಕೊಡಬೇಕು.

ಕತ್ತರಿ_ಟೇಪು (ಬಾಗಲಕೋಟಿ):

ಧೋತರ ಮರತಿದ್ದೆ. 4 ವರ್ಷದಾಂವಗ ಹೊಲಿದದ್ದೇ ಚಲೋ, ಬಚ್ಚಲಕ್ಕ ಓಡೋ ವಯಸ್ಸು ಅದು. ಇಲಾಸ್ಟಿಕ್ 1 ಇಂಚು ಅಗಲದ್ದು, ಸೊಂಟದ ಅಳತಿಗಿಂತ 2 ಇಂಚು ಕಡಿಮಿ ಕತ್ತರಿಸಿ ಹಾಕಿಸ್ರಿ. ಕಾಲು ಇಂಚಿನ ತೆಳು ಇಲಾಸ್ಟಿಕ್ ಹಾಕಿದ್ರ ಹೊಟ್ಟಿ ಮ್ಯಾಲ ಗೆರಿ ಬೀಳತೈತಿ. ಪೈಜಾಮಕ್ಕೂ ಇದೇ, ಮುಂದ ಚಂದಕ್ಕ ಲಾಡಿ ಬೇಕಂದ್ರ ನಡುವ ಹೊಲದು ನಿಲ್ಲಿಸಿದ್ದು, ತುದಿ 3 ಇಂಚಿಗಿಂತ ಹೆಚ್ಚು ಇಳೀಬಾರದು. ಚೂಡಿದಾರ ಕೇಳಬ್ಯಾಡ್ರಿ. ಓರಿ (ಮೂಲಿಯಿಂದ ಮೂಲಿಗೆ ಓರಿಯಾಗಿ) ಹಿಡದು ಕತ್ತರಿಸಬೇಕಾಗಿ ಅರಿವಿ ಹೆಚ್ಚು ಹಿಡೀತೈತಿ, ಸಣ್ಣವರು ತಾವಾಗಿ ತಗೀಲಾರರು.

ದೊಡ್ಡಾಂವಗ ಉಡಸ್ರಿ. ಕಚ್ಚಿ ಹಾಕಿ ಉಡಸಾಕ ಉದ್ದ ಅಂದ್ರ ಸೊಂಟದ ಅಳತಿ ನಾಲ್ಕು ಪಟ್ಟು. ಅಂವನ ಸೊಂಟ 24 ಇದ್ರ 96 ಇಂಚು, 2.5 ಮೀಟರು. ದೊಡ್ಡವರ 8 ಮೊಳದ ಧೋತರ 12 ಫೂಟು ಇರತೈತಿ. ಅದನ್ನ ಉಡಿಸಿದ್ರ ನಿರಗಿ ದಪ್ಪ ಆಗಿ ಹೊಟ್ಟಿ ಮುಂದ ಗಂಟು ನಿಲ್ಲತೈತಿ. ಅದಕ್ಕಿಂತ ತಪ್ಪು ಮಾಡೋದು ಅಗಲದಾಗ. ಸೊಂಟದಿಂದ ಪಾದದ ಕೀಲಿನ ಮಟ ಎಷ್ಟೋ ಅಷ್ಟೇ ಅಗಲ ಬೇಕು, ಅಂವಗ ಸುಮಾರು 32 ಇಂಚು. 50 ಇಂಚಿಂದು ತಂದು ಸೊಂಟದಾಗ ಮಡಚಿದ್ರ ಜಾರತೈತಿ. ಹೆಚ್ಚಿನ ಅಗಲ ಅಂಚಿಲ್ಲದ ಬದಿಯಿಂದ ಕತ್ತರಿಸಿ ಮಡಚಿ ಹೊಲಿಸ್ರಿ. ಎರಡೂ ಬದಿ ಅಂಚಿದ್ರ ಮ್ಯಾಲಿನ ಬದಿ ಕತ್ತರಿಸಬೇಕು, ಕೆಳಗಿಂದು ಉಳಿಸಬೇಕು.

ಗಂಜಿ ಹಾಕಿದ ಹೊಸ ಧೋತರ ಜಾರತೈತಿ, ಒಂದು ಸಲ ಒಗದು ಉಡಸ್ರಿ. ಮೊದಲಿನ ಗಂಟು ಬಿಗಿ ಹಾಕಿ, ಹಿಂದಿನ ಕಚ್ಚಿ ಉಡದಾರದ ಒಳಗ ಸಿಗಿಸಿದ್ರ ನಿಲ್ಲತೈತಿ. ಉಡದಾರ ಇಲ್ಲದಿದ್ರ ಒಳಗ ಹತ್ತಿ ಲಾಡಿ ಒಂದು ಕಟ್ಟಿ ಅದರಾಗ ಸಿಗಿಸ್ರಿ. ಪಿನ್ ಹಚ್ಚೋದಿದ್ರ ಮುಚ್ಚೋ ಪಿನ್, ಬಾಜೂಕ ಒಂದೇ. ಹಿಂದ ಬ್ಯಾಡ, ಕುಂದ್ರತಾನ.

ಶಹಾಪುರ_ಪ್ಯಾಟಿ (ಬೆಳಗಾವಿ):

ಸಣ್ಣವನಿಗೆ ಇನ್ನೊಂದು ದಾರಿ ಇದೆ: ಬಾರಾಬಂದಿ. ಸೊಲ್ಲಾಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ನಂದಿಧ್ವಜ ಹಿಡಿಯುವವರು ತೊಡುವ ಹನ್ನೆರಡು ಕಸೆಯ ಬಿಳಿ ಅಂಗಿ. ತಲೆಯ ಮೇಲಿಂದ ಎಳೆಯುವ ತಾಪತ್ರಯವಿಲ್ಲ, ಎದೆ ಬೆಳೆದಂತೆ ಕಸೆ ಸಡಿಲಿಸಬಹುದು. ಹನ್ನೆರಡೂ ಕಟ್ಟಿಸುವ ತನಕ ನಾಲ್ಕು ವರ್ಷದ ಹುಡುಗ ನಿಲ್ಲುವುದಿಲ್ಲ, ಆರಕ್ಕೆ ಇಳಿಸಿ, ಉಳಿದ ಜಾಗಕ್ಕೆ ಒಳಗೆ ಟಿಚ್ ಗುಂಡಿ ಹಾಕಿಸಿ.

ಫೇಟಾ ತರುವುದಿದ್ದರೆ ಕಟ್ಟಿ ಹೊಲಿದದ್ದು ತನ್ನಿ. ಹುಬ್ಬಿನ ಮೇಲೆ, ಕಿವಿಯ ಮೇಲೆ ಟೇಪು ಸುತ್ತಿ ಅಳತೆ ತೆಗೆದುಕೊಂಡು ಹೋಗಿ, ಅರ್ಧ ಇಂಚು ಹೆಚ್ಚಿನದು ತಂದು ಒಳಗೆ ಹತ್ತಿ ಪಟ್ಟಿ ಅಂಟಿಸಿ. ಬಿಗಿಯಾದದ್ದನ್ನು ಸಡಿಲ ಮಾಡಲು ಬರುವುದಿಲ್ಲ. ಹಿಂದೆ ಇಳಿಬಿಡುವ ಶೆಮಲಾ (ಫೇಟಾದ ಬಾಲ) ಸೊಂಟದ ಕೆಳಗೆ ಇಳಿದರೆ ಕುಳಿತಾಗ ಅದರ ಮೇಲೇ ಕುಳಿತು ತಲೆ ಹಿಂದಕ್ಕೆ ಎಳೆಯುತ್ತದೆ. ಬೆನ್ನಿನ ಅರ್ಧಕ್ಕೆ ಕತ್ತರಿಸಿ ಮಡಚಿ.

ಮಗ್ಗದ_ಸಪ್ಪಳ (ಗುಳೇದಗುಡ್ಡ):

ಒಂದು ಬಿಟ್ಟಿತ್ತು. ಬನ್ನಿ ಎಲಿ ಇಟ್ಟುಕೊಳ್ಳಾಕ ಕಿಸೆ ಬೇಕಲ್ಲ. ಖಣದ ಜಾಕೀಟಿಗೆ ಕಿಸೆ ಬಾಯಿ ಅಷ್ಟೇ ಇಡಿಸ್ರಿ, ಚಂದಕ್ಕ. ಖರೇ ಕಿಸೆ ಶರ್ಟಿನ ಎರಡೂ ಬಾಜೂ ಹೊಲಿಗ್ಯಾಗ ಇರಲಿ, ಸಣ್ಣಾಂವಗ 5 ಇಂಚು ಆಳ, ದೊಡ್ಡಾಂವಗ 6. ಬನ್ನಿ ಟೊಂಗಿಗೆ ಮುಳ್ಳು ಇರ್ತಾವ, ಖಣಕ್ಕ ತಾಗಿದ್ರ ನೂಲು ಎದ್ದು ಬರತೈತಿ. ಎಲಿ ಬಿಡಿಸಿ ಕೊಡ್ರಿ ಹುಡುಗರ ಕೈಯಾಗ. ಎದ್ದ ನೂಲು ಕತ್ತರಿಸಬ್ಯಾಡ್ರಿ, ಕತ್ತರಿಸಿದ ಜಾಗ ಬುಟ್ಟಾ ಬಿಚ್ಚತೈತಿ. ಅಸ್ತರ ಹೊಲಿಗಿ ಒಂದು ಬದಿ ಬಿಚ್ಚಿ, ಸೂಜಿ ತುದಿಯಿಂದ ನೂಲು ಹಿಂದಿನ ಬದಿಗೆ ಎಳದು ಬಿಡ್ರಿ.

ಗುಮ್ಮಟದೂರಾಕಿ (ವಿಜಯಪುರ):

ಬರಕೊಂಡೆ ಎಲ್ಲಾ. ಖಣ 2.3, ಬಿಳೀ ಖಾದಿ 4.8, ಅಸ್ತರ 1.25, ಧೋತರ ದೊಡ್ಡಾಂವಗ 2.5. ಸೀರಿ ಸೆರಗು ಶಲ್ಯಾಕ್ಕ. ಸಿಂಪಿಗರಿಗೆ ಎಷ್ಟು ದಿನ ಮೊದಲು ಕೊಡಬೇಕ್ರಿ?

ಕತ್ತರಿ_ಟೇಪು (ಬಾಗಲಕೋಟಿ):

ಘಟಸ್ಥಾಪನಾಕ್ಕ ಎರಡು ವಾರ ಮೊದಲು ಅರಿವಿ ಅವರ ಕೈಯಾಗ ಇರಲಿ, ಹಬ್ಬದ ವಾರದಾಗ ಕುಪ್ಪಸದ ರಾಶಿ ಬಿದ್ದಿರತೈತಿ. ಜಾಕೀಟಿಗೆ ಗುಂಡಿ ಹಚ್ಚೋಕ್ಕಿಂತ ಮೊದಲು ಒಂದು ಸಲ ಶರ್ಟಿನ ಮ್ಯಾಲ ಹಾಕಿಸಿ ನೋಡ್ರಿ, ಗುಂಡಿ ಜಾಗ ಆವಾಗ ಗುರ್ತು ಮಾಡಬೇಕು. ಉಳದ ಖಣದ ಚೂರು, ಎರಡು ಗುಂಡಿ ಬಿಲ್ಲಿನ ಸಂಗಡ ಕೇಳಿ ಇಸಗೊಳ್ರಿ.